ಬೆಳೆಯುವ ಕಂಪೆನಿ, ಬೆಳೆಯದ ಇಂಜಿನಿಯರು

೨೦೧೯ನೆಯ ಇಸವಿಯ ಒಂದು ಭಾನುವಾರ ಬೆಳಿಗ್ಗೆ ನಮ್ಮ ಬೀದಿಯ ಮೇಷ್ಟ್ರು ಮನೆಮನೆಗೂ ಬಂದು ಮೈಸೂರುಪಾಕು ಹಂಚಿದರು. ನಿವೃತ್ತರಾಗಿ ಎಂಟು ವರ್ಷಗಳಾಗಿದ್ದ ಆ ಹಿರಿಯರು ಅಷ್ಟು ಸಂಭ್ರಮದಿಂದ ಹೆಜ್ಜೆ ಹಾಕಿದ್ದನ್ನು ನಾವಾರೂ ನೋಡಿರಲಿಲ್ಲ. ಕಾರಣವಿಷ್ಟೆ: ಅವರ ಒಬ್ಬನೇ ಮಗನಿಗೆ ಬೆಂಗಳೂರಿನ ಹೊರವರ್ತುಲ ರಸ್ತೆಯಲ್ಲಿದ್ದ ಹೊಸ ಸಾಫ್ಟ್‌ವೇರ್ ಕಂಪೆನಿಯೊಂದರಲ್ಲಿ ಇಂಜಿನಿಯರನ ಹುದ್ದೆ ದೊರೆತಿತ್ತು. ಮೂವತ್ತನಾಲ್ಕು ವರ್ಷಗಳ ಸೇವೆಯ ಕಡೆಯ ತಿಂಗಳಿನಲ್ಲಿ ಮೇಷ್ಟ್ರು ಎಣಿಸಿಕೊಂಡ ಸಂಬಳಕ್ಕಿಂತ ಹುಡುಗನ ಮೊದಲ ತಿಂಗಳ ಸಂಬಳವೇ ಹೆಚ್ಚಾಗಿತ್ತು.

“ಅಲ್ಲಿ ಈಗಿರುವುದು ನಲವತ್ತೇ ಜನ, ರಾಯರೇ. ಎರಡು ವರ್ಷಗಳಲ್ಲಿ ನಾನೂರು ಜನರಾಗುತ್ತಾರಂತೆ. ನಮ್ಮವನು ಮೊದಲಿಗರಲ್ಲಿ ಒಬ್ಬ. ಕಂಪೆನಿ ಬೆಳೆದ ಹಾಗೆ ಇವನೂ ಬೆಳೆಯುತ್ತಾನೆ” ಎಂದರು ಮೇಷ್ಟ್ರು.

ಅವರ ಮಾತಿನ ಮೊದಲರ್ಧ ನಿಜವಾಯಿತು. ೨೦೨೧ರ ಕೊನೆಯ ಹೊತ್ತಿಗೆ ಆ ಕಂಪೆನಿಯ ನೌಕರರ ಸಂಖ್ಯೆ ನಾನೂರನ್ನು ಮುಟ್ಟಿತ್ತು. ಉಳಿದರ್ಧ ಏನಾಯಿತು? ಅದೇ ಈ ಲೇಖನದ ವಿಷಯ. ಮನೆಯಲ್ಲಿ ಇಂಜಿನಿಯರಿಂಗ್ ಓದುತ್ತಿರುವ ಮಗನೋ ಮಗಳೋ ಇರುವ ತಂದೆತಾಯಿಗಳು, ‘ಶರವೇಗದಿಂದ ಬೆಳೆಯುತ್ತಿರುವ ಕಂಪೆನಿ’ ಎಂಬ ಮಾತನ್ನು ಕೇಳಿದೊಡನೆ ಹಿಗ್ಗುವ ಮುನ್ನ, ಆ ಬೆಳವಣಿಗೆಯ ಒಳಗೆ ಕುಳಿತವರ ಪಾಡೇನೆಂಬುದನ್ನು ಒಮ್ಮೆ ನೋಡುವುದು ಒಳ್ಳೆಯದು. ದೂರದ ಬೆಟ್ಟ ನುಣ್ಣಗೆ ಕಾಣುವುದು ಈ ವಿಷಯದಲ್ಲಿಯೂ ಸತ್ಯ.

ಇಷ್ಟು ಅವಸರವೇಕೆ?

ಬೆಂಗಳೂರಿಗೆ ಸಾಫ್ಟ್‌ವೇರ್ ಉದ್ಯಮ ಹೊಸದೇನೂ ಅಲ್ಲ. ಅಮೆರಿಕದ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಸಂಸ್ಥೆ ಇಲ್ಲಿ ತನ್ನ ಕೇಂದ್ರವನ್ನು ತೆರೆದದ್ದು ೧೯೮೫ರಲ್ಲಿ. ೧೯೮೧ರಲ್ಲಿ ಏಳು ಮಂದಿ ಸೇರಿ ಪುಣೆಯಲ್ಲಿ ಹತ್ತು ಸಾವಿರ ರೂಪಾಯಿಗಳಿಂದ ಆರಂಭಿಸಿದ ಇನ್ಫೋಸಿಸ್, ೧೯೮೩ರಲ್ಲಿ ಬೆಂಗಳೂರಿಗೆ ಬಂದಿತು. ತನ್ನ ಷೇರುಗಳನ್ನು ಸಾರ್ವಜನಿಕರ ಮುಂದಿಟ್ಟದ್ದು ೧೯೯೩ರಲ್ಲಿ. ಅಂದರೆ ಆ ಹಂತಕ್ಕೆ ಬರಲು ಅದಕ್ಕೆ ಹನ್ನೆರಡು ವರ್ಷ ಹಿಡಿಯಿತು.

ಈಗಿನ ಸ್ಟಾರ್ಟ್‌ಅಪ್ ಕಂಪೆನಿಗಳಿಗೆ ಅಷ್ಟು ಕಾಲವನ್ನು ಯಾರೂ ಕೊಡುವುದಿಲ್ಲ. ಇವುಗಳಿಗೆ ಬಂಡವಾಳ ಬರುವುದು ಬ್ಯಾಂಕಿನ ಸಾಲದಿಂದಲ್ಲ, ಸಾಹಸ ಬಂಡವಾಳ ಹೂಡುವವರಿಂದ. ಅವರ ಲೆಕ್ಕಾಚಾರವೇ ಬೇರೆ. ಅನೇಕ ಕಂಪೆನಿಗಳಿಗೆ ಹಣ ಹಾಕುತ್ತಾರೆ. ಬಹುಪಾಲು ಮುಳುಗಿಹೋಗುತ್ತವೆಂದು ಮೊದಲೇ ಬಲ್ಲರು. ಗೆದ್ದ ಒಂದೆರಡು ಕಂಪೆನಿಗಳು ಸೋತವುಗಳ ನಷ್ಟವನ್ನೆಲ್ಲ ತುಂಬಿಕೊಡಬೇಕು. ಆದ್ದರಿಂದ ಹಣ ಪಡೆದ ಪ್ರತಿಯೊಂದು ಕಂಪೆನಿಯೂ ತಾನೇ ಆ ಗೆಲ್ಲುವ ಕುದುರೆಯೆಂಬಂತೆ ಓಡಲೇಬೇಕು. ಷೇರುಪೇಟೆಗೆ ಬರುವ ಮೊದಲೇ ನೂರು ಕೋಟಿ ಡಾಲರು ಬೆಲೆ ಕಟ್ಟಿಸಿಕೊಂಡ ಕಂಪೆನಿಯನ್ನು ‘ಯೂನಿಕಾರ್ನ್’, ಅಂದರೆ ಒಂಟಿಕೊಂಬಿನ ಕುದುರೆ, ಎಂದು ಕರೆಯುವ ವಾಡಿಕೆಯನ್ನು ೨೦೧೩ರಲ್ಲಿ ಅಮೆರಿಕದ ಐಲೀನ್ ಲೀ ಎಂಬ ಹೂಡಿಕೆದಾರರು ಆರಂಭಿಸಿದರು. ನಮ್ಮ ದೇಶದಲ್ಲಿ ೨೦೨೧ರ ಒಂದೇ ವರ್ಷದಲ್ಲಿ ನಲವತ್ತಕ್ಕೂ ಹೆಚ್ಚು ಕಂಪೆನಿಗಳು ಈ ಪಟ್ಟ ಪಡೆದವು. ಹೊರಗಿನವರಿಗೆ ಅದು ಹಬ್ಬ. ಒಳಗೆ ಕೋಡ್ ಬರೆಯುತ್ತಿದ್ದವರಿಗೆ ಅದು ಏನಾಗಿತ್ತು?

ಮದುವೆಮನೆಯ ಅಡಿಗೆ

ಹತ್ತು ಜನರಿಗೆ ಹುಲ್ಲುಕಡ್ಡಿಯಾದದ್ದು ಒಬ್ಬನಿಗೆ ತಲೆಹೊರೆ ಎಂಬ ಗಾದೆಯನ್ನು ನಾವೆಲ್ಲ ನಂಬಿದವರು. ಕಲ್ಲು ಹೊರುವ ಕೆಲಸದಲ್ಲಿ ಅದು ನಿಜ. ಆದರೆ ಮದುವೆಮನೆಯ ಅಡಿಗೆಯನ್ನು ನೆನೆಸಿಕೊಳ್ಳಿ. ಮುನ್ನೂರು ಜನರಿಗೆಂದು ಅಡಿಗೆ ನಡೆಯುತ್ತಿದೆ. ಮುಖ್ಯ ಅಡಿಗೆಯವರೂ ಅವರ ಕೈಗೆ ಒಗ್ಗಿದ ನಾಲ್ವರು ಸಹಾಯಕರೂ ಇದ್ದಾರೆ. ಅಷ್ಟರಲ್ಲಿ ಬೀಗರ ಕಡೆಯಿಂದ ಇನ್ನೂ ಮುನ್ನೂರು ಜನ ಬರುತ್ತಾರೆಂದು ಸುದ್ದಿ ಬರುತ್ತದೆ. ಗಾಬರಿಗೊಂಡ ಯಜಮಾನರು ಹೊಸಬರಾದ ಹದಿನೈದು ಜನರನ್ನು ಅಡಿಗೆಮನೆಗೆ ನುಗ್ಗಿಸುತ್ತಾರೆ. ಉಪ್ಪೆಲ್ಲಿದೆ, ಹುಳಿ ಯಾವ ಕೊಳಗದಲ್ಲಿದೆ, ಬೇಳೆ ಬೆಂದಿದೆಯೇ ಎಂದು ಹದಿನೈದು ಬಾಯಿಗಳು ಕೇಳತೊಡಗುತ್ತವೆ. ಮುಖ್ಯ ಅಡಿಗೆಯವರು ಸೌಟು ಕೆಳಗಿಟ್ಟು ಉತ್ತರ ಹೇಳುತ್ತ ನಿಲ್ಲುತ್ತಾರೆ. ಸಾರು ಸೀದುಹೋಗುತ್ತದೆ.

ಸಾಫ್ಟ್‌ವೇರ್ ತಯಾರಿಕೆಯಲ್ಲಿ ಈ ಸತ್ಯವನ್ನು ಮೊದಲು ಸ್ಪಷ್ಟವಾಗಿ ಹೇಳಿದವರು ಫ್ರೆಡರಿಕ್ ಬ್ರೂಕ್ಸ್. ಐ.ಬಿ.ಎಂ. ಸಂಸ್ಥೆ ೧೯೬೪ರಲ್ಲಿ ಪ್ರಕಟಿಸಿದ ‘ಸಿಸ್ಟಮ್ ೩೬೦’ ಗಣಕಗಳಿಗೆ ಬೇಕಾದ ಬೃಹತ್ ಸಾಫ್ಟ್‌ವೇರಿನ ಹೊಣೆ ಹೊತ್ತಿದ್ದ ಅವರು, ಆ ಅನುಭವವನ್ನು ಆಧರಿಸಿ ೧೯೭೫ರಲ್ಲಿ ಒಂದು ಪುಸ್ತಕ ಬರೆದರು. ಈಗಾಗಲೇ ತಡವಾದ ಸಾಫ್ಟ್‌ವೇರ್ ಕಾರ್ಯಕ್ಕೆ ಇನ್ನಷ್ಟು ಜನರನ್ನು ಸೇರಿಸಿದರೆ ಅದು ಮತ್ತಷ್ಟು ತಡವಾಗುತ್ತದೆಂಬುದು ಅದರ ಮುಖ್ಯ ನಿರ್ಣಯ. ಹೊಸಬರಿಗೆ ಕಲಿಸಬೇಕಾದವರು ಹಳಬರು. ಕಲಿಸುವಷ್ಟು ಕಾಲ ಅವರ ಸ್ವಂತ ಕೆಲಸ ನಿಂತಿರುತ್ತದೆ. ಅದೂ ಅಲ್ಲದೆ ಪರಸ್ಪರ ಮಾತನಾಡಬೇಕಾದ ದಾರಿಗಳು ಜನಸಂಖ್ಯೆಗಿಂತ ಬಹುವೇಗವಾಗಿ ಹೆಚ್ಚುತ್ತವೆ. ಐದು ಜನರಿದ್ದರೆ ಇಬ್ಬಿಬ್ಬರ ಜೋಡಿಗಳು ಹತ್ತು. ಹತ್ತು ಜನರಿದ್ದರೆ ನಲವತ್ತೈದು. ಮೇಷ್ಟ್ರ ಮಗನ ಕಂಪೆನಿಯ ನಲವತ್ತು ಜನರಲ್ಲಿ ಇಂಥ ಜೋಡಿಗಳು ೭೮೦. ನಾನೂರು ಜನರಾದಾಗ ಅವು ೭೯,೮೦೦! ಜನ ಹತ್ತುಪಟ್ಟು ಹೆಚ್ಚಿದರೆ ದಾರಿಗಳು ನೂರುಪಟ್ಟಿಗೂ ಮಿಗಿಲಾಗಿ ಹೆಚ್ಚಿದವು.

ಇದರ ಫಲವನ್ನು ಹುಡುಗ ಅನುಭವಿಸಿದ. ಮೊದಲ ವರ್ಷ ಏನನ್ನಾದರೂ ಬದಲಾಯಿಸಬೇಕಾದರೆ ಪಕ್ಕದ ಮೇಜಿನವನನ್ನು ಕೇಳಿ ಸಂಜೆಯೊಳಗೆ ಮುಗಿಸುತ್ತಿದ್ದ. ಮೂರನೆಯ ವರ್ಷ ಅದೇ ಬದಲಾವಣೆಗೆ ನಾಲ್ಕು ತಂಡಗಳ ಒಪ್ಪಿಗೆ, ಆರು ಮೀಟಿಂಗು, ಮೂರು ವಾರ. ಎರಡು ವರ್ಷಗಳಲ್ಲಿ ಅವನ ಮೇಲಧಿಕಾರಿ ನಾಲ್ಕು ಸಲ ಬದಲಾದರು. ಒಬ್ಬರಿಗೆ ತನ್ನ ಕೆಲಸವನ್ನು ವಿವರಿಸಿ ಮುಗಿಸುವಷ್ಟರಲ್ಲಿ ಇನ್ನೊಬ್ಬರು ಬಂದು, “ತಾವು ಏನು ಮಾಡುತ್ತೀರಿ?” ಎಂದು ಕೇಳುತ್ತಿದ್ದರಂತೆ.

ಈ ಅಲೆಗೆ ಸಿಕ್ಕಿದ ಹೆಣ್ಣುಮಕ್ಕಳ ಕಷ್ಟ ಇನ್ನೂ ಒಂದು ತೂಕ ಹೆಚ್ಚು. ೨೦೧೭ರ ತಿದ್ದುಪಡಿಯಿಂದ ನಮ್ಮ ದೇಶದಲ್ಲಿ ಮೊದಲೆರಡು ಹೆರಿಗೆಗಳಿಗೆ ಇಪ್ಪತ್ತಾರು ವಾರಗಳ ಸವೇತನ ರಜೆ ದೊರೆಯುತ್ತದೆ. ಕಾಯಿದೆ ರಜೆಯನ್ನು ಕಾಪಾಡಿತು, ನಿಜ. ಆದರೆ ನಮ್ಮ ಪರಿಚಯದ ಇಂಜಿನಿಯರ್ ತಾಯಿಯೊಬ್ಬಳು ರಜೆ ಮುಗಿಸಿ ಹಿಂತಿರುಗಿದಾಗ ಅವಳ ತಂಡವೇ ಇರಲಿಲ್ಲ. ಅವಳು ಕಟ್ಟಿದ್ದ ಭಾಗವನ್ನು ಮೂವರು ಹಂಚಿಕೊಂಡಿದ್ದರು. ಅವಳ ಅರ್ಹತೆಯನ್ನು ಅಳೆಯಬೇಕಾದ ಮೇಲಧಿಕಾರಿ ಅವಳ ಮುಖವನ್ನೇ ಕಂಡವರಲ್ಲ. ನಿಧಾನವಾಗಿ ನಡೆಯುವ ಸಂಸ್ಥೆಯಲ್ಲಿ ಆರು ತಿಂಗಳೆಂಬುದು ಆರೇ ತಿಂಗಳು. ಓಡುವ ಸಂಸ್ಥೆಯಲ್ಲಿ ಅದು ಒಂದು ಯುಗ.

ಬಡ್ಡಿ ಬೆಳೆಯುವ ಸಾಲ

ಗೃಹಸ್ಥರಿಗೆ ಸಾಲದ ವಿಷಯ ವಿವರಿಸಬೇಕಾಗಿಲ್ಲ. ಇಂದಿನ ಅವಸರಕ್ಕೆ ಕೈಸಾಲ ತಂದರೆ ನಾಳೆ ಬಡ್ಡಿ ಕಟ್ಟಬೇಕು. ಸಾಫ್ಟ್‌ವೇರಿನಲ್ಲಿಯೂ ಇಂಥದೊಂದು ಸಾಲವಿದೆ. ಅಚ್ಚುಕಟ್ಟಾಗಿ ಮಾಡಲು ಹತ್ತು ದಿನ ಬೇಕಾದ ಕೆಲಸವನ್ನು, ಗಿರಾಕಿ ಕಾದಿದ್ದಾನೆಂದು ಎರಡೇ ದಿನದಲ್ಲಿ ತೇಪೆ ಹಾಕಿ ಮುಗಿಸುತ್ತಾರೆ. ಉಳಿದ ಎಂಟು ದಿನಗಳು ಎಲ್ಲಿಗೂ ಹೋಗುವುದಿಲ್ಲ, ಸಾಲವಾಗಿ ನಿಲ್ಲುತ್ತವೆ. ಮುಂದೆ ಆ ಭಾಗವನ್ನು ಮುಟ್ಟಿದವರೆಲ್ಲ ಬಡ್ಡಿ ತೆರುತ್ತಾರೆ. ಇದನ್ನು ಸಾಲಕ್ಕೆ ಹೋಲಿಸಿ ‘ತಾಂತ್ರಿಕ ಸಾಲ’ ಎಂಬ ಮಾತನ್ನು ೧೯೯೨ರಲ್ಲಿ ಬಳಕೆಗೆ ತಂದವರು ವಾರ್ಡ್ ಕನ್ನಿಂಗ್‌ಹ್ಯಾಮ್ ಎಂಬ ಅಮೆರಿಕದ ತಜ್ಞರು.

ಹಳೆಯ ಕಸವನ್ನು ಗುಡಿಸದೆ ಹೊಸದನ್ನು ಹೇರಿದರೆ ಏನಾಗುತ್ತದೆ ಎಂಬುದಕ್ಕೆ ೨೦೧೨ರ ಆಗಸ್ಟ್ ೧ರಂದು ಅಮೆರಿಕದಲ್ಲಿ ನಡೆದ ಘಟನೆ ಸಾಕ್ಷಿ. ನೈಟ್ ಕ್ಯಾಪಿಟಲ್ ಎಂಬ ಷೇರು ವ್ಯಾಪಾರದ ಸಂಸ್ಥೆ ತನ್ನ ಎಂಟು ಸರ್ವರುಗಳಿಗೆ ಹೊಸ ಸಾಫ್ಟ್‌ವೇರನ್ನು ಹಾಕಬೇಕಾಗಿತ್ತು. ಏಳಕ್ಕೆ ಹಾಕಿ ಒಂದನ್ನು ಮರೆತರು. ಆ ಒಂದರಲ್ಲಿ ೨೦೦೩ರಿಂದಲೂ ಉಪಯೋಗವಿಲ್ಲದೆ ಬಿದ್ದಿದ್ದ ಹಳೆಯ ಕೋಡ್ ಎಚ್ಚೆತ್ತು, ಯಾರೂ ಹೇಳದ ಷೇರುಗಳನ್ನು ಕೊಳ್ಳುತ್ತ ಮಾರುತ್ತ ಹೋಯಿತು. ಸುಮಾರು ನಲವತ್ತೈದು ನಿಮಿಷಗಳಲ್ಲಿ ಆದ ನಷ್ಟ ನಲವತ್ತನಾಲ್ಕು ಕೋಟಿ ಡಾಲರಿಗೂ ಹೆಚ್ಚು. ಮರುವರ್ಷ ಆ ಸಂಸ್ಥೆ ಬೇರೊಂದರಲ್ಲಿ ವಿಲೀನವಾಗಿಹೋಯಿತು.

ಎಲ್ಲೆಡೆಯೂ ಇಂಥ ದುರಂತವಾಗುತ್ತದೆಂದಲ್ಲ. ಆದರೆ ಬೆಳೆಯುತ್ತಿರುವ ಕಂಪೆನಿಯಲ್ಲಿ ಗುಡಿಸಲು ಬಿಡುವು ಕೊಡುವವರು ವಿರಳ. ಹೊಸ ಸೌಲಭ್ಯವನ್ನು ಕಟ್ಟಿದವನಿಗೆ ಬಡ್ತಿ. ಹಳೆಯದನ್ನು ರಿಪೇರಿ ಮಾಡಿದವನ ಹೆಸರು ಯಾರಿಗೂ ತಿಳಿಯದು. ಕಟ್ಟಿದವನು ಬಡ್ತಿ ಪಡೆದು ಬೇರೆ ಕಂಪೆನಿಗೆ ಹಾರಿದ ಮೇಲೆ, ಸಾಲ ತೀರಿಸುವವನು ಉಳಿದುಕೊಂಡವನೇ.

ರಾತ್ರಿ ಎರಡು ಗಂಟೆಯ ಕರೆ

ಮೇಷ್ಟ್ರ ಮಗ ಬರೆಯುತ್ತಿದ್ದುದು ಅಮೆರಿಕದ ಅಂಗಡಿಗಳ ದಾಸ್ತಾನಿನ ಲೆಕ್ಕವಿಡುವ ಸಾಫ್ಟ್‌ವೇರು. ಕ್ಯಾಲಿಫೋರ್ನಿಯಾದಲ್ಲಿ ಬೇಸಗೆಯ ಬೆಳಗಿನ ಒಂಬತ್ತು ಗಂಟೆಯೆಂದರೆ ನಮಗೆ ರಾತ್ರಿ ಒಂಬತ್ತೂವರೆ. ಅವರ ಅಂಗಡಿ ತೆರೆಯುವಾಗ ನಮ್ಮ ಊಟದ ಎಲೆ ಎತ್ತಿರುತ್ತದೆ. ಅಲ್ಲಿ ಏನಾದರೂ ಕೆಟ್ಟರೆ ಇಲ್ಲಿ ಫೋನು ಬಾರಿಸುತ್ತದೆ. ಇಂಜಿನಿಯರುಗಳು ಸರದಿಯ ಮೇಲೆ ಈ ಫೋನಿನ ಕಾವಲು ಕಾಯುವ ಪದ್ಧತಿಗೆ ‘ಆನ್‌ಕಾಲ್’ ಎಂದು ಹೆಸರು.

ಪದ್ಧತಿಯಲ್ಲಿ ದೋಷವಿಲ್ಲ, ಆಸ್ಪತ್ರೆಯ ವೈದ್ಯರೂ ವಿದ್ಯುತ್ ಇಲಾಖೆಯವರೂ ಹೀಗೆಯೇ ಸರದಿ ಕಾಯುವುದುಂಟು. ದೋಷವಿರುವುದು ಬೆಳವಣಿಗೆಯ ವೇಗದಲ್ಲಿ. ಕಾವಲಿನ ಪಟ್ಟಿಯಲ್ಲಿ ಹನ್ನೆರಡು ಹೆಸರುಗಳಿದ್ದರೂ, ಹಳೆಯ ಕೋಡಿನ ಒಳಮರ್ಮ ತಿಳಿದವರು ಇಬ್ಬರು ಮಾತ್ರ. ಸರದಿ ಯಾರದಾದರೂ ಆಗಿರಲಿ, ಕಡೆಗೆ ಎಬ್ಬಿಸುವುದು ಆ ಇಬ್ಬರನ್ನೇ. ಮೇಷ್ಟ್ರ ಮಗ ಅವರಲ್ಲಿ ಒಬ್ಬನಾದ. ಎಲ್ಲ ತಿಳಿದವನೆಂಬ ಕೀರ್ತಿಯೇ ಅವನ ಕಾಲಿಗೆ ಸರಪಳಿಯಾಯಿತು. ತಂಗಿಯ ಮದುವೆಯ ಧಾರೆಯ ಹೊತ್ತಿನಲ್ಲಿ ಅವನು ಛತ್ರದ ಹಿಂದಿನ ಕೋಣೆಯಲ್ಲಿ ಲ್ಯಾಪ್‌ಟಾಪ್ ತೆರೆದು ಕುಳಿತಿದ್ದುದನ್ನು ನಾನೇ ಕಂಡಿದ್ದೇನೆ.

ಇಂಥ ದುಡಿಮೆಯ ಬೆಲೆಯನ್ನು ಕಡೆಗೆ ದೇಹ ತೆರಬೇಕಾಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯೂ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯೂ ಕೂಡಿ ೨೦೨೧ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ವಾರಕ್ಕೆ ಐವತ್ತೈದು ಗಂಟೆ ಅಥವಾ ಹೆಚ್ಚು ದುಡಿಯುವವರಿಗೆ, ಮೂವತ್ತೈದರಿಂದ ನಲವತ್ತು ಗಂಟೆ ದುಡಿಯುವವರಿಗಿಂತ ಪಾರ್ಶ್ವವಾಯುವಿನ ಅಪಾಯ ಶೇಕಡ ೩೫ರಷ್ಟೂ, ಹೃದಯದ ರಕ್ತನಾಳದ ಕಾಯಿಲೆಯಿಂದ ಸಾಯುವ ಅಪಾಯ ಶೇಕಡ ೧೭ರಷ್ಟೂ ಹೆಚ್ಚು. ಕೆಲಸದ ಒತ್ತಡದಿಂದ ಮನಸ್ಸು ಬತ್ತಿಹೋಗುವ ‘ಬರ್ನ್‌ಔಟ್’ ಸ್ಥಿತಿಯನ್ನೂ ವಿಶ್ವ ಆರೋಗ್ಯ ಸಂಸ್ಥೆ ೨೦೧೯ರಲ್ಲಿ ವೃತ್ತಿಸಂಬಂಧಿ ವಿದ್ಯಮಾನವೆಂದು ತನ್ನ ವರ್ಗೀಕರಣದಲ್ಲಿ ವಿವರಿಸಿತು. ಅದರ ಲಕ್ಷಣಗಳು ಮೂರು: ತೀರದ ಆಯಾಸ, ಕೆಲಸದ ಬಗೆಗೆ ಅಸಡ್ಡೆ, ತನ್ನ ಕೈಯಲ್ಲಿ ಏನೂ ಆಗದೆಂಬ ಭಾವನೆ. ಮೊದಲನೆಯದು ತಾಯಿಯ ಕಣ್ಣಿಗೆ ಬೀಳುತ್ತದೆ. ಉಳಿದೆರಡು ಮನೆಯವರಿಗೆ ‘ಸಂಬಳ ಬಂದ ಮೇಲೆ ಬಂದ ಜಂಬ’ದಂತೆ ತೋರುತ್ತವೆ. ಎಷ್ಟೋ ಮನೆಗಳ ವಿರಸಕ್ಕೆ ಈ ತಪ್ಪು ತಿಳಿವಳಿಕೆಯೇ ಮೂಲವಾಗಿರಬಹುದು.

ತಿದ್ದುವವರಿಲ್ಲದ ಶಾಲೆ

ಇಷ್ಟನ್ನೂ ಸಹಿಸಬಹುದು, ಕೈ ಕೆಸರಾದರೆ ಬಾಯಿ ಮೊಸರೆಂದು ಸಮಾಧಾನ ಹೇಳಿಕೊಳ್ಳಬಹುದು. ಆದರೆ ಎಲ್ಲಕ್ಕಿಂತ ದೊಡ್ಡ ನಷ್ಟ ಬೇರೆಯೇ ಇದೆ. ಅದು ಸಂಬಳದ ಚೀಟಿಯಲ್ಲಿ ಕಾಣುವುದಿಲ್ಲ.

ಇಂಜಿನಿಯರಿಂಗ್ ಎಂಬುದು ಮೂಲತಃ ಕೈಕಸುಬು. ಬಡಗಿಯ ಮಗ ತಂದೆಯ ಬಳಿ ಕುಳಿತು ಕಲಿಯುವಂತೆ, ಕಿರಿಯ ಇಂಜಿನಿಯರು ಹಿರಿಯನ ಬಳಿ ಕಲಿಯಬೇಕು. ಒಳ್ಳೆಯ ಸಂಸ್ಥೆಗಳಲ್ಲಿ ಕಿರಿಯನು ಬರೆದ ಕೋಡನ್ನು ಹಿರಿಯರು ಸಾಲುಸಾಲಾಗಿ ಓದಿ ತಿದ್ದುವ ಕ್ರಮವಿದೆ. ಆದರೆ ನಲವತ್ತು ಜನ ನಾನೂರಾಗುವ ಸಂಭ್ರಮದಲ್ಲಿ ಹಿರಿಯರೆಲ್ಲಿಂದ ಬರಬೇಕು? ಎರಡು ವರ್ಷದ ಅನುಭವದವನೇ ಅಲ್ಲಿ ಪಿತಾಮಹ. ಓದುವವರು ಸಾಲುಗಳ ಮೇಲೆ ಕಣ್ಣಾಡಿಸಿ ‘ಸರಿ’ ಎಂದು ಒತ್ತಿ ಮುಂದೆ ಕಳುಹಿಸುತ್ತಾರೆ.

ಮೇಷ್ಟ್ರ ಮಗ ಇಪ್ಪತ್ತಾರನೆಯ ವಯಸ್ಸಿಗೇ ‘ಮ್ಯಾನೇಜರ್’ ಆದ. ಬೀದಿಯವರು ಅಭಿನಂದಿಸಿದರು. ಅವನ ದಿನಚರಿಯೋ! ದಿನಕ್ಕೆ ಮೂರು ಸಂದರ್ಶನ, ಐದು ಮೀಟಿಂಗು, ಹನ್ನೊಂದು ಜನರ ರಜೆಯ ಅರ್ಜಿ, ಹನ್ನೊಂದು ಜನರ ಮನಸ್ತಾಪ. ಆರು ತಿಂಗಳು ಅವನು ಒಂದು ಸಾಲು ಕೋಡನ್ನೂ ಬರೆಯಲಿಲ್ಲ. ಜನರನ್ನು ನಡೆಸುವುದೂ ಒಂದು ವಿದ್ಯೆಯೇ. ಅದನ್ನೂ ಅವನಿಗೆ ಯಾರೂ ಕಲಿಸಿರಲಿಲ್ಲ. ಹೀಗೆ ಒಂದು ವಿದ್ಯೆ ಕೈಬಿಟ್ಟಿತು, ಇನ್ನೊಂದು ಕೈಗೆ ಹತ್ತಲಿಲ್ಲ. ಹತ್ತು ಕಟ್ಟುವ ಕಡೆ ಒಂದು ಮುತ್ತು ಕಟ್ಟು ಎಂದು ನಮ್ಮ ಹಿರಿಯರು ಹೇಳುತ್ತಿದ್ದರು. ಈ ಹುಡುಗರಿಗೆ ಹತ್ತನ್ನೂ ಕಟ್ಟುವ ಆಜ್ಞೆ. ಮುತ್ತನ್ನು ಕಟ್ಟಲು ಪುರಸೊತ್ತಿಲ್ಲ.

ಕಾಗದದ ಮೇಲಿನ ಐಶ್ವರ್ಯ

“ಷೇರು ಕೊಡುತ್ತಾರಲ್ಲ!” ಎಂದು ಕೆಲವರು ಕೇಳಬಹುದು. ಕೊಡುವುದು ಷೇರನ್ನಲ್ಲ, ಗೊತ್ತಾದ ಬೆಲೆಗೆ ಮುಂದೆ ಷೇರು ಕೊಳ್ಳುವ ಹಕ್ಕನ್ನು. ನಮ್ಮ ಕಾನೂನಿನ ಪ್ರಕಾರ ಆ ಹಕ್ಕು ಕೈಗೆ ಬರಲು ಕನಿಷ್ಠ ಒಂದು ವರ್ಷ ಕಾಯಬೇಕು; ಸಾಮಾನ್ಯವಾಗಿ ಅದು ನಾಲ್ಕು ವರ್ಷಗಳಲ್ಲಿ ಹಂತಹಂತವಾಗಿ ಪೂರ್ತಿಯಾಗುತ್ತದೆ. ಹಕ್ಕನ್ನು ಚಲಾಯಿಸಿ ಷೇರು ಪಡೆದ ದಿನ, ಅದರ ನ್ಯಾಯಬೆಲೆಗೂ ತಾನು ತೆತ್ತ ಬೆಲೆಗೂ ಇರುವ ಅಂತರವನ್ನು ಸಂಬಳದ ಆದಾಯವೆಂದು ಎಣಿಸಿ ತೆರಿಗೆ ಹಾಕಲಾಗುತ್ತದೆ. ಗೊತ್ತುಪಡಿಸಿದ ಅರ್ಹತೆಯುಳ್ಳ ಸ್ಟಾರ್ಟ್‌ಅಪ್‌ಗಳ ನೌಕರರಿಗೆ ಮಾತ್ರ ಈ ತೆರಿಗೆಯನ್ನು ಕೆಲಕಾಲ ಮುಂದೂಡುವ ಸೌಲಭ್ಯವನ್ನು ೨೦೨೦ರ ಬಜೆಟ್ಟು ಒದಗಿಸಿತು. ಕಂಪೆನಿ ಷೇರುಪೇಟೆಗೆ ಬಾರದಿದ್ದರೆ ಆ ಷೇರನ್ನು ಮಾರುವುದು ಸುಲಭವಲ್ಲ. ಬಚ್ಚಲು ಒಲೆಗೆ ಹಾಕಲೂ ಬಾರದ ಕಾಗದಕ್ಕೆ ತೆರಿಗೆ ಕಟ್ಟಿ ಕುಳಿತವರು ಇದ್ದಾರೆ. ಅದರಿಂದ ಮನೆ ಕಟ್ಟಿಸಿದವರೂ ಇದ್ದಾರೆ. ಆದರೆ ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದಂತೆ, ಆ ಹಣವನ್ನು ನೆಚ್ಚಿ ಫ್ಲ್ಯಾಟಿಗೆ ಮುಂಗಡ ಕೊಡುವುದು ಜಾಣತನವಲ್ಲ.

ಬರಮಾಡಿಕೊಂಡ ಕೈ, ಬೀಳ್ಕೊಟ್ಟ ಕೈ

ಏರಿದ್ದು ಇಳಿಯಲೇಬೇಕು. ಕೊರೋನಾ ಕಾಲದಲ್ಲಿ ಜಗತ್ತೆಲ್ಲ ಮನೆಯೊಳಗೆ ಕುಳಿತಾಗ ಸಾಫ್ಟ್‌ವೇರಿಗೆ ಎಲ್ಲಿಲ್ಲದ ಬೇಡಿಕೆ ಬಂತು. ಅದೇ ಶಾಶ್ವತವೆಂದು ನಂಬಿ ದೊಡ್ಡದೊಡ್ಡ ಕಂಪೆನಿಗಳೂ ಜನರನ್ನು ಸೇರಿಸಿಕೊಂಡವು. ಫೇಸ್‌ಬುಕ್ಕಿನ ಒಡೆತನವುಳ್ಳ ಮೆಟಾ ಸಂಸ್ಥೆಯಲ್ಲಿ ೨೦೧೯ರ ಕೊನೆಗೆ ಸುಮಾರು ನಲವತ್ತೈದು ಸಾವಿರ ನೌಕರರಿದ್ದರು. ೨೦೨೨ರ ಸೆಪ್ಟೆಂಬರ್ ಹೊತ್ತಿಗೆ ಎಂಬತ್ತೇಳು ಸಾವಿರ. ಅದೇ ನವೆಂಬರಿನಲ್ಲಿ ಹನ್ನೊಂದು ಸಾವಿರಕ್ಕೂ ಹೆಚ್ಚು ಜನರನ್ನು ತೆಗೆಯಲಾಯಿತು. ಬೇಡಿಕೆ ಹಾಗೆಯೇ ಮುಂದುವರಿಯುತ್ತದೆಂದು ತಾನು ಮಾಡಿದ ಲೆಕ್ಕ ತಪ್ಪಿತೆಂದು ಅದರ ಮುಖ್ಯಸ್ಥ ಮಾರ್ಕ್ ಜುಕರ್‌ಬರ್ಗ್ ಒಪ್ಪಿಕೊಂಡರು. ೨೦೨೩ರ ಜನವರಿಯಲ್ಲಿ ಗೂಗಲ್ಲಿನ ಮಾತೃಸಂಸ್ಥೆಯೂ ಹನ್ನೆರಡು ಸಾವಿರ ಹುದ್ದೆಗಳನ್ನು ಕಡಿಮೆ ಮಾಡುವುದಾಗಿ ಸಾರಿತು.

ಆ ಗಾಳಿ ಹೊರವರ್ತುಲ ರಸ್ತೆಗೂ ಬೀಸಿತು. ೨೦೨೩ರ ಒಂದು ಬುಧವಾರ ಮೇಷ್ಟ್ರ ಮಗನಿಗೆ ಒಂದು ಪಟ್ಟಿ ಬಂತು. ಅದರಲ್ಲಿ ಅವನ ಹೆಸರಿರಲಿಲ್ಲ. ಅವನ ತಂಡದ ನಾಲ್ವರ ಹೆಸರುಗಳಿದ್ದವು. ಒಬ್ಬೊಬ್ಬರಿಗೆ ಹದಿನೈದು ನಿಮಿಷದಂತೆ ತಿಳಿಸಿ ಮುಗಿಸಬೇಕೆಂದು ಆಜ್ಞೆ. ಆ ನಾಲ್ವರನ್ನೂ ಸಂದರ್ಶನ ಮಾಡಿ ಆರಿಸಿದವನು ಅವನೇ. ಅವರಲ್ಲೊಬ್ಬ ಮೈಸೂರಿನಲ್ಲಿ ನೆಮ್ಮದಿಯ ನೌಕರಿಯಲ್ಲಿದ್ದವನು. “ಬಾ, ಇಲ್ಲಿ ಬೆಳೆಯುತ್ತೀಯೆ” ಎಂದು ಅವನನ್ನು ಒತ್ತಾಯದಿಂದ ಕರೆತಂದು ಒಂಬತ್ತು ತಿಂಗಳಾಗಿತ್ತು. ಅವನ ಹೆಂಡತಿ ಗರ್ಭಿಣಿ.

“ಅವನು ಸಿಟ್ಟು ಮಾಡಿಕೊಳ್ಳಲಿಲ್ಲ, ಸಾರ್. ‘ನಿಮಗೂ ಕಷ್ಟವಾಗಿರಬೇಕು’ ಅಂದ. ಅದನ್ನು ತಡೆಯಲು ನನ್ನಿಂದ ಆಗಲಿಲ್ಲ” ಎಂದು ಹುಡುಗ ನನ್ನೊಡನೆ ಹೇಳುವಾಗ ಅವನ ಕಣ್ಣು ನೆಲವನ್ನು ನೋಡುತ್ತಿತ್ತು. ಮೂರು ತಿಂಗಳ ಅನಂತರ ಅವನೂ ರಾಜೀನಾಮೆ ಕೊಟ್ಟ. ಬೇರೆಡೆ ಸಂದರ್ಶನಕ್ಕೆ ಹೋದಾಗ ಕಾಲೇಜಿನ ಎರಡನೆಯ ವರ್ಷದ ಪಾಠಕ್ಕೆ ಸೇರಿದ ಒಂದು ಲೆಕ್ಕವನ್ನು ಕೇಳಿದರಂತೆ. ನಾಲ್ಕು ವರ್ಷ ದುಡಿದು, ಹನ್ನೊಂದು ಜನರನ್ನು ನಡೆಸಿ ಬಂದವನಿಗೆ ಅದನ್ನು ಬಿಡಿಸಲಾಗಲಿಲ್ಲ.

ನಾಣ್ಯದ ಇನ್ನೊಂದು ಮುಖ

ಬೆಳೆಯುವ ಕಂಪೆನಿಗಳೆಲ್ಲ ಬಲೆಗಳೆಂದು ಹೇಳಿದರೆ ಅನ್ಯಾಯವಾದೀತು. ಹೊಸದನ್ನು ಬುಡದಿಂದ ಕಟ್ಟುವ ಆನಂದ, ಚಿಕ್ಕ ವಯಸ್ಸಿನಲ್ಲಿಯೇ ಬರುವ ಹೊಣೆ, ಜಾತಿ ಊರು ಕೇಳದೆ ಕೈಚಳಕಕ್ಕೆ ದೊರೆಯುವ ಮನ್ನಣೆ, ಇವು ಅಲ್ಲಿ ಉಂಟು. ಎಷ್ಟೋ ಕುಟುಂಬಗಳ ಸಾಲ ತೀರಿದ್ದು, ತಂಗಿಯರ ಓದು ಮುಗಿದದ್ದು ಈ ಸಂಬಳಗಳಿಂದ.

ಅಲ್ಲದೆ, ಬೆಳವಣಿಗೆಯೆಂದರೆ ಜನರನ್ನು ತುಂಬುವುದೇ ಆಗಬೇಕಾಗಿಲ್ಲ. ೨೦೧೪ರಲ್ಲಿ ಫೇಸ್‌ಬುಕ್ಕು ವಾಟ್ಸ್‌ಆ್ಯಪ್ ಕಂಪೆನಿಯನ್ನು ಸಾವಿರದ ಒಂಬೈನೂರು ಕೋಟಿ ಡಾಲರಿಗೆ ಕೊಳ್ಳುವುದಾಗಿ ಪ್ರಕಟಿಸಿದಾಗ ಅದನ್ನು ಬಳಸುತ್ತಿದ್ದವರು ಸುಮಾರು ನಲವತ್ತೈದು ಕೋಟಿ ಜನ. ಕಂಪೆನಿಯ ನೌಕರರು ಎಷ್ಟು? ಸುಮಾರು ಐವತ್ತೈದು! ಬಳಸುವವರು ಹೆಚ್ಚಿದರೂ ಅಡಿಗೆಮನೆಯ ಶಿಸ್ತು ಕೆಡದಂತೆ ನೋಡಿಕೊಂಡವರು ಇದ್ದಾರೆಂಬುದಕ್ಕೆ ಇದೊಂದು ನಿದರ್ಶನ.

ಸೇರುವ ಮುನ್ನ ಕೇಳಬೇಕಾದದ್ದು

ಹೆಣ್ಣು ಕೊಡುವಾಗ, ತರುವಾಗ ಹತ್ತು ಕಡೆ ವಿಚಾರಿಸುವ ನಾವು, ಮಕ್ಕಳು ಎಚ್ಚರದ ಹೊತ್ತಿನ ಬಹುಪಾಲನ್ನು ಕಳೆಯುವ ಕಂಪೆನಿಯ ಬಗ್ಗೆ ಸಂಬಳವೊಂದನ್ನೇ ವಿಚಾರಿಸಿ ಸುಮ್ಮನಾಗುತ್ತೇವೆ. ಇನ್ನು ಮುಂದೆ ಬೇರೆ ನಾಲ್ಕು ಮಾತುಗಳನ್ನೂ ಮಕ್ಕಳು ಕೇಳಲಿ. ನಾನು ಬರೆದದ್ದನ್ನು ಓದಿ ತಿದ್ದುವವರು ಯಾರು, ಅವರಿಗೆ ಎಷ್ಟು ವರ್ಷಗಳ ಅನುಭವ? ಕಳೆದ ತಿಂಗಳು ರಾತ್ರಿಯ ಕರೆ ಎಷ್ಟು ಸಲ ಬಂತು, ಯಾರನ್ನು ಎಬ್ಬಿಸಿದಿರಿ? ಎರಡು ವರ್ಷಗಳ ಹಿಂದೆ ಸೇರಿದವರಲ್ಲಿ ಈಗ ಎಷ್ಟು ಜನ ಉಳಿದಿದ್ದಾರೆ? ಕಂಪೆನಿಯ ಖರ್ಚು ನಡೆಯುವುದು ಗಿರಾಕಿಯ ಹಣದಿಂದಲೋ ಹೂಡಿಕೆದಾರರ ಹಣದಿಂದಲೋ? ಇವಕ್ಕೆ ನೇರವಾದ ಉತ್ತರ ಬಂದರೆ ಸಂತೋಷ. ನಕ್ಕು ಮಾತು ಮರೆಸಿದರೆ, ಅದೂ ಒಂದು ಉತ್ತರವೇ.

ಷೇರಿನ ಹಕ್ಕನ್ನು ಸೊನ್ನೆಯೆಂದು ಎಣಿಸಿ ಮನೆಯ ಲೆಕ್ಕ ಹಾಕುವುದು ಕ್ಷೇಮ. ಆರು ತಿಂಗಳ ಖರ್ಚನ್ನು ಕೈಯಲ್ಲಿಟ್ಟುಕೊಂಡವನು ಮಾತ್ರ ಮೇಲಧಿಕಾರಿಯ ಎದುರು ‘ಆಗುವುದಿಲ್ಲ’ ಎನ್ನಬಲ್ಲ. ತಂದೆತಾಯಿಗಳು ಮಾಡಬಹುದಾದ ದೊಡ್ಡ ಉಪಕಾರವೆಂದರೆ, ಮಗನ ಹುದ್ದೆಯ ಹೆಸರನ್ನು ಬೀದಿಯಲ್ಲಿ ಸಾರುವುದನ್ನು ಸ್ವಲ್ಪ ಕಡಿಮೆ ಮಾಡುವುದು. ಆ ಹೆಮ್ಮೆಯ ಭಾರಕ್ಕೇ ಎಷ್ಟೋ ಮಕ್ಕಳು ಬಿಡಬೇಕಾದ ಕೆಲಸವನ್ನು ಬಿಡಲಾರದೆ ಒದ್ದಾಡುತ್ತಾರೆ.

ಮೇಷ್ಟ್ರ ಮಗ ಈಗ ಆಸ್ಪತ್ರೆಯ ಉಪಕರಣಗಳಿಗೆ ಸಾಫ್ಟ್‌ವೇರ್ ಬರೆಯುವ ಸಣ್ಣ ಕಂಪೆನಿಯೊಂದರಲ್ಲಿದ್ದಾನೆ. ಅವನು ಸೇರಿದಾಗ ಅರವತ್ತು ಜನರಿದ್ದರು, ಈಗ ಎಪ್ಪತ್ತು. ಸಂಬಳ ಮೊದಲಿಗಿಂತ ಕಡಿಮೆ. ‘ಮ್ಯಾನೇಜರ್’ ಎಂಬ ಬಿರುದೂ ಇಲ್ಲ. ಮೊನ್ನೆ ಸಂಜೆ ಜಗಲಿಯ ಮೇಲೆ ಕುಳಿತಿದ್ದ ಮೇಷ್ಟ್ರನ್ನು, “ಮಗನ ಕೆಲಸ ಹೇಗಿದೆ?” ಎಂದು ಕೇಳಿದೆ.

“ಅಲ್ಲೊಬ್ಬ ಹಿರಿಯ ಹೆಂಗಸು ಇದ್ದಾರಂತೆ, ರಾಯರೇ. ಇವನು ಬರೆದದ್ದನ್ನೆಲ್ಲ ಓದಿ, ತಪ್ಪುಗಳಿಗೆ ಗುರುತು ಹಾಕಿ ಹಿಂದಕ್ಕೆ ಕಳುಹಿಸುತ್ತಾರಂತೆ. ಕಳೆದ ವಾರ ಹದಿನೇಳು ತಪ್ಪು!” ಎಂದರು.

ಮೈಸೂರುಪಾಕು ಹಂಚಿದ ದಿನದ ಆ ಸಂಭ್ರಮವೇ ಅವರ ಮುಖದಲ್ಲಿ ಮತ್ತೆ ಕಂಡಿತು.